ಪ್ರೀತಿಸುವ ಮೊದಲು ಚಪ್ಪಲಿ ಬಿಚ್ಚಿ

ಹೋದ ಭಾನುವಾರ ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ನಮ್ಮ ಕನ್ನಡದವರ ಮಹಿಳಾ ಕಾರ್ಯಕ್ರಮ. 'ನಿಮ್ಮ ದೇಹವನ್ನು ಪ್ರೀತಿಸಿ' ಅಂತ ಗುಲಾಬಿ ಬಣ್ಣದ ಬ್ಯಾನರ್. ಖರ್ಚು ಕೊಟ್ಟವರು ತೂಕ ಇಳಿಸುವ ಕ್ಲಿನಿಕ್ಕಿನವರು. ಬ್ಯಾನರಿನ ಕೆಳಗೆ, ಬಾಗಿಲಲ್ಲೇ, ತೂಕದ ಮಷಿನ್.

"ಚಪ್ಪಲಿ ಬಿಚ್ಚಿ ಹತ್ತಿ ಆಂಟಿ" ಅಂದಳು ಕ್ಲಿನಿಕ್ಕಿನ ಹುಡುಗಿ. ನಾನು ವ್ಯಾನಿಟಿ ಬ್ಯಾಗನ್ನೂ ಕೆಳಗಿಟ್ಟೆ. ಬಳೆ ಬಿಚ್ಚೋದೊಂದು ಬಾಕಿ. ನನ್ನ ಹಿಂದಿದ್ದ ಅಕ್ಕ ಹೊಟ್ಟೆ ಒಳಗೆಳೆದುಕೊಂಡು ಹತ್ತಿದರು. ಮಷಿನ್ ಕಾಲು ನೋಡುತ್ತೋ ಹೊಟ್ಟೆ ನೋಡುತ್ತೋ, ಪಾಪ.

58 ಕಿಲೋ, 155 ಸೆಂಟಿಮೀಟರ್. ಎತ್ತರಕ್ಕೆ ತೂಕ ಎಷ್ಟು ಸರಿ ಅಂತ ಹುಡುಗಿ ಫೋನಿನಲ್ಲಿ ಲೆಕ್ಕ ಹಾಕಿದಳು. "ಬಿಎಂಐ 24. ಓವರ್‌ವೇಟ್." ನನ್ನ ಸೆರಗಿಗೆ ಹಳದಿ ಸ್ಟಿಕ್ಕರ್ ಬಿತ್ತು. ತೆಳ್ಳಗಿದ್ದವರಿಗೆ ಹಸಿರು.

ಈ ಲೆಕ್ಕ ಕಂಡುಹಿಡಿದ ಆಸಾಮಿ ಡಾಕ್ಟರೇ ಅಲ್ಲ. ಬೆಲ್ಜಿಯಂನ ಖಗೋಳ ವಿಜ್ಞಾನಿ ಅಡಾಲ್ಫ್ ಕೆಟ್ಲೆ. 1830ರ ದಶಕದಲ್ಲಿ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅಂತ ಹುಡುಕುತ್ತಿದ್ದ. ಬಿಎಂಐ ಅನ್ನೋ ಹೆಸರು ಬಂದದ್ದೇ 1972ರಲ್ಲಿ. ನಕ್ಷತ್ರ ನೋಡುತ್ತಿದ್ದವನ ಲೆಕ್ಕ ಈಗ ನನ್ನ ಸೊಂಟಕ್ಕೆ ಬಂದು ನಿಂತಿದೆ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಗೆ 25 ದಾಟಿದರೆ ಓವರ್‌ವೇಟ್, ನಮ್ಮ ಡಾಕ್ಟರುಗಳಿಗೆ 23. ಅಂದರೆ ಜಿನೀವಾದಲ್ಲಿ ವಿಮಾನ ಹತ್ತುವಾಗ ಸರಿಯಾಗೇ ಇರುವ ನಾನು ಮುಂಬೈಯಲ್ಲಿ ಇಳಿಯುವಷ್ಟರಲ್ಲಿ ದಪ್ಪ. ಅವರು ಕೊಟ್ಟ ಊಟ ಮುಟ್ಟದಿದ್ದರೂ!

ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಶುರುವಾಗುತ್ತೆ, ಅದಕ್ಕೇ ಈ 23. ಅದು ನಿಜ, ತಮಾಷೆ ಅಲ್ಲ. ಹಾಗಾದ್ರೆ ಸಕ್ಕರೆ ಚೆಕ್ ಮಾಡಬೇಕಿತ್ತು ಅಲ್ವಾ? ಅದಕ್ಕೆ ಟೇಬಲ್ಲೇ ಇರಲಿಲ್ಲ.

ಭಾಷಣ ಶುರುವಾಯಿತು. "ನೀವು ಹೇಗಿದ್ದೀರೋ ಹಾಗೇ ಚೆಂದ" ಅಂದರು. ಚಪ್ಪಾಳೆ. ಮುಂದಿನ ಸ್ಲೈಡಿನಲ್ಲೇ 'ಮೊದಲು', 'ಆಮೇಲೆ' ಫೋಟೋ. ಮೊದಲಿನವಳು ಸಾವಿನ ಮನೆಗೆ ಹೊರಟ ಹಾಗೆ, ಆಮೇಲಿನವಳಿಗೆ ಲಿಪ್‌ಸ್ಟಿಕ್. ಇಳಿದ ತೂಕಕ್ಕಿಂತ ಏರಿದ ಲೈಟೇ ಜಾಸ್ತಿ ಕಾಣುತ್ತಿತ್ತು. 1975ರಿಂದ ನಮ್ಮನ್ನು ಬೆಳ್ಳಗೆ ಮಾಡಲು ಹೊರಟಿದ್ದ ಕ್ರೀಮು 2020ರಲ್ಲಿ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತಲ್ಲ, ಹಾಗೇ ಇದೂ. ಮೊದಲು 'ತೆಳ್ಳಗಾಗಿ' ಅನ್ನುತ್ತಿದ್ದರು, ಈಗ 'ನಿಮ್ಮನ್ನು ಪ್ರೀತಿಸಿ'. "ಇವತ್ತೇ ಸೇರಿದರೆ ರಿಯಾಯಿತಿ" ಅನ್ನೋದು ಮಾತ್ರ ಬದಲಾಗಿಲ್ಲ.

ಕೊನೆಗೆ ಶೀರಾ, ಉಪ್ಪಿಟ್ಟು. ಬಡಿಸುವವರ ಕಣ್ಣು ತಟ್ಟೆಗಿಂತ ಮೊದಲು ಸ್ಟಿಕ್ಕರಿಗೆ. ನನಗೆ ಚಮಚದ ತುದಿಯಷ್ಟು ಶೀರಾ. ಹಸಿರಿನ ಹುಡುಗಿಗೆ ರಾಶಿ, ಜೊತೆಗೆ "ಎಂತ ಮಾರಾಯ್ತಿ, ಒಣಗಿದ್ದೀಯಲ್ಲ, ಮನೆಯಲ್ಲಿ ಊಟ ಹಾಕುವುದಿಲ್ವಾ?" ಪಾಪ, ಹಸಿರು ಸಿಕ್ಕಿಯೂ ಪಾಸಾಗಲಿಲ್ಲ.

ವಾಪಸ್ ಮುಲುಂಡಿಗೆ ಲೋಕಲ್. ಭಾನುವಾರದ ಮೆಗಾಬ್ಲಾಕ್, ಹಳಿ ರಿಪೇರಿ ಅಂತ ರೈಲು ಕಡಿಮೆ, ಲೇಡೀಸ್ ಡಬ್ಬದಲ್ಲಿ ಕಾಲಿಡಲು ಜಾಗ ಇಲ್ಲ. ಮೂವರ ಸೀಟಿನಲ್ಲಿ ನನಗೆ ಫೋರ್ತ್ ಸೀಟ್ ಸಿಕ್ಕಿತು. ಬಿಎಂಐ 12 ಸೀಟಿನ ಮೇಲೆ, ಉಳಿದ 12 ಗಾಳಿಯಲ್ಲಿ. ಪಕ್ಕದ ಮರಾಠಿ ಹೆಂಗಸು ಸ್ವಲ್ಪ ಸರಿದು, ನನ್ನ ಸೆರಗಿನ ಹಳದಿ ಸ್ಟಿಕ್ಕರನ್ನೇ ನೋಡಿದರು. ಎಲ್ಲಿ ಸೇಲ್ ಹಾಕಿದ್ದಾರೆ ಅಂತ ಕೇಳಿದರು.

"ಡೊಂಬಿವ್ಲಿ" ಅಂದೆ. "ಇವತ್ತು ಒಂದೇ ದಿನ."