ಬಿಸಿ ರೊಟ್ಟಿಯ ಮೇಲೆ ಟ್ರಫಲ್

ಮಳೆ ಹಿಡಿದ ಮೇಲೆ ಖಾನಾಪುರದ ಕಾಡಿನಂಚಿನಿಂದ ಬೆಳಗಾವಿಯ ಪೇಟೆಗೆ ಬರುವ ಅಣಬೆಯನ್ನು ಹತ್ತು ರೂಪಾಯಿಗಾಗಿ ಚೌಕಾಸಿ ಮಾಡಿ ಕೊಳ್ಳುವ ನಮಗೆ, 2007ರಲ್ಲಿ ಇಟಲಿಯ 1.5 ಕಿಲೋ ತೂಕದ ಒಂದೇ ಒಂದು ಬಿಳಿ ಟ್ರಫಲ್ ಅಣಬೆ 3,30,000 ಡಾಲರಿಗೆ ಹರಾಜಾಯಿತು ಎಂದರೆ ನಗು ಬರುವುದು ಸಹಜ. ಕೊಂಡವರು ಮಕಾವಿನ ಜೂಜುಮನೆಗಳ ಒಡೆಯ ಸ್ಟ್ಯಾನ್ಲಿ ಹೋ. ಅವರಿಗೆ ಅದು ದುಬಾರಿ ಎನಿಸಿರಲಾರದು. ನಮ್ಮ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ಟ್ರಫಲ್ ಕೇಕಿಗೂ ಈ ಅಣಬೆಗೂ ರುಚಿಯ ನಂಟು ಏನೇನೂ ಇಲ್ಲ.

ಕೊಡೆಯಾಗಲಿ ಕಾಂಡವಾಗಲಿ ಇಲ್ಲದ, ಮಣ್ಣು ಮೆತ್ತಿದ ಸಣ್ಣ ಆಲೂಗಡ್ಡೆಯಂತಿರುವ ಟ್ರಫಲ್, ಓಕ್, ಹೇಝಲ್ ಮೊದಲಾದ ಮರಗಳ ಬೇರುಗಳೊಡನೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡು ನೆಲದೊಳಗೇ ಬೆಳೆಯುತ್ತದೆ. ಗಾಳಿಗೆ ಬೀಜಕಣ ತೂರುವ ಅನುಕೂಲ ಅದಕ್ಕಿಲ್ಲವಾದ್ದರಿಂದ, ಬಲಿತ ಮೇಲೆ ವಾಸನೆ ಬೀರಿ ಪ್ರಾಣಿಗಳನ್ನು ಕರೆದು, ಅವುಗಳಿಂದ ಅಗೆಸಿಕೊಂಡು, ತಿನ್ನಿಸಿಕೊಂಡು ವಂಶ ಬೆಳೆಸುತ್ತದೆ. ಹಿಂದೆ ಇದನ್ನು ಹುಡುಕಲು ಹಂದಿಗಳನ್ನು ಒಯ್ಯುತ್ತಿದ್ದರು; ಅವು ನೆಲ ಕೆದಕಿ ಹಾಳುಮಾಡುತ್ತಿದ್ದುದಲ್ಲದೆ ಸಿಕ್ಕಿದ್ದನ್ನು ತಾವೇ ತಿನ್ನಲು ನೋಡುತ್ತಿದ್ದವು. ಇಟಲಿ 1985ರಲ್ಲಿ ಹಂದಿಗಳನ್ನು ನಿಷೇಧಿಸಿತು. ಅಲ್ಲಿ ಈಗ ಆ ಕೆಲಸ ನಾಯಿಗಳದ್ದು.

ಟ್ರಫಲಿನ ಬೆಲೆಯೆಲ್ಲ ಅದರ ವಾಸನೆಗೆ. ಅದರ ಮೂಲದಲ್ಲಿ ಗಂಧಕದ ಸಂಯುಕ್ತಗಳಿವೆ. ಬೆಳ್ಳುಳ್ಳಿ ಮತ್ತು ಇಂಗಿನ ಘಾಟಿಗೂ ಕಾರಣ ಅದೇ ಗಂಧಕ. ಹಾಗಾಗಿ ಇಂಗನ್ನು ಬಲ್ಲ ಅಡುಗೆಮನೆಗೆ ಟ್ರಫಲ್ ತೀರಾ ಪರಕೀಯವಲ್ಲ. ಆದರೆ ಹಸಿಯಾಗಿ ಮೂಗು ಮುಚ್ಚಿಸುವ ಇಂಗು ಕಾದ ಎಣ್ಣೆಯಲ್ಲಿ ಹದಗೊಂಡು ಘಮಗುಟ್ಟಿದರೆ, ಬಿಳಿ ಟ್ರಫಲಿನ ಘಮ ಬಿಸಿ ತಾಗಿದೊಡನೆ ಹಾರಿಹೋಗುತ್ತದೆ. ಅದನ್ನು ಒಲೆಗೆ ತೋರಿಸಲೇಬಾರದು. ಬಡಿಸಿದ ಮೇಲೆ ತಟ್ಟೆಯಲ್ಲಿಯೇ ಕಾಗದದಷ್ಟು ತೆಳ್ಳಗೆ ಹೆರೆದುಕೊಳ್ಳಬೇಕು. ಚಳಿಗಾಲದಲ್ಲಿ ಸಿಗುವ ಕರಿ ಟ್ರಫಲ್ ಮಾತ್ರ ಸ್ವಲ್ಪ ಗಟ್ಟಿ ಜೀವ; ಸಣ್ಣ ಉರಿಯಲ್ಲಿ ಕರಗಿದ ಬೆಣ್ಣೆಯ ಬಿಸಿಯನ್ನು ಅದು ತಾಳಿಕೊಳ್ಳುತ್ತದೆ.

ಜಿಡ್ಡು ಈ ವಾಸನೆಯನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಇಟಲಿಯವರು ಅದನ್ನು ಬೆಣ್ಣೆ ಸವರಿದ ಪಾಸ್ತಾ, ಚೀಸ್ ಕಲೆಸಿದ ಅನ್ನ, ಹುರಿದ ಮೊಟ್ಟೆಗಳ ಜೊತೆ ತಿನ್ನುತ್ತಾರೆ. ತಂದ ಟ್ರಫಲನ್ನು ನೀರಿನಲ್ಲಿ ನೆನೆಸದೆ ಬ್ರಷ್‌ನಿಂದ ಮಣ್ಣು ಉಜ್ಜಿ, ಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಹಸಿ ಮೊಟ್ಟೆಗಳ ಜೊತೆ ಫ್ರಿಜ್ಜಿನಲ್ಲಿಡುವುದು ಅಲ್ಲಿಯ ಹಳೆಯ ಉಪಾಯ. ವಾಸನೆ ಚಿಪ್ಪನ್ನು ದಾಟಿ ಒಳಗೆ ಇಳಿಯುವುದರಿಂದ, ಟ್ರಫಲಿನ ಒಂದು ಚೂರೂ ಖರ್ಚಾಗದೆ ಟ್ರಫಲಿನ ಆಮ್ಲೆಟ್ ಸಿದ್ಧವಾಗುತ್ತದೆ. ನಮ್ಮ ಕಡೆಯವರಿಗೆ ಹಿಡಿಸಬೇಕಾದ ಲೆಕ್ಕಾಚಾರವಿದು.

ನಮ್ಮ ಊಟದಲ್ಲಿ ಇದಕ್ಕೆ ಜಾಗ ಎಲ್ಲಿ? ಎಣಗಾಯಿ, ಶೇಂಗಾ ಚಟ್ನಿ, ರಂಜಕಗಳ ನಡುವೆ ಕೂರಿಸಿದರೆ ಅದರ ಸದ್ದೇ ಅಡಗಿಹೋಗುತ್ತದೆ. ಹಂಚಿನಿಂದ ಆಗತಾನೆ ಇಳಿದ, ಇನ್ನೂ ಉಬ್ಬಿಕೊಂಡಿರುವ ಜೋಳದ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ಕರಗಿ ಅಂಚಿಗೆ ಹರಿಯುವ ಹೊತ್ತಿಗೆ ನಾಲ್ಕಾರು ಎಸಳು ಟ್ರಫಲ್ ಹೆರೆದುಕೊಂಡರೆ ಜೋಡಿ ಕೂಡೀತು ಎಂಬುದು ನನ್ನ ಎಣಿಕೆ. ಪಕ್ಕದ ಮನೆಯ ಕಾಕು ಈ ಮಾತಿಗೆ, ‘ಖಾರಿಲ್ಲದ ರೊಟ್ಟಿ ಜ್ವರ ಬಂದಾವ್ರು ತಿಂತಾರಪಾ’ ಎಂದು ತೀರ್ಪು ಕೊಟ್ಟರು.

ದೊಡ್ಡ ಅಂಗಡಿಗಳಲ್ಲಿ ಸಿಗುವ ಟ್ರಫಲ್ ಎಣ್ಣೆ ಅಗ್ಗದ ದಾರಿಯೇನೋ ಹೌದು. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಘಮ ಅಣಬೆಯಿಂದ ಬಂದದ್ದಲ್ಲ, 2,4-ಡೈಥಯಾಪೆಂಟೇನ್ ಎಂಬ ಕೃತಕ ರಾಸಾಯನಿಕದ್ದು. ನಿಜವಾದ ಟ್ರಫಲಿನ ಹತ್ತಾರು ಪರಿಮಳಗಳಲ್ಲಿ ಒಂದನ್ನೇ ಹಿಡಿದು ಕೂಗಿದಂತೆ ಅದು ಗಂಟಲು ದೊಡ್ಡದು ಮಾಡುತ್ತದೆ. ಆದರೂ ಕೊಂಡದ್ದಾದರೆ ಚೆಲ್ಲಬೇಕಿಲ್ಲ. ಒಗ್ಗರಣೆಗೆ ಹಾಕದೆ, ಒಲೆ ಆರಿಸಿದ ಮೇಲೆ ಎರಡೇ ಹನಿ ಬಿಟ್ಟರೆ ಸಾಕು. ಉಪ್ಪು, ತುಪ್ಪ ಸವರಿದ ಬೆಚ್ಚಗಿನ ಚುರುಮುರಿಗೂ ಅದು ಒಗ್ಗುತ್ತದೆ; ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಇಲ್ಲದ ಚುರುಮುರಿಯನ್ನು ತಿನ್ನುವವರನ್ನು ಬೆಳಗಾವಿಯಲ್ಲಿ ಹುಡುಕುವುದಷ್ಟೇ ಬಾಕಿ.