ಡಬ್ಬ ಒಡೆಯದೆ ವಿಮರ್ಶೆ ಮಾಡಬೇಡಿ

ಆ್ಯಕ್ಷನ್ ಫಿಗರ್ (ಕೈಕಾಲು ಆಡಿಸಬಹುದಾದ ಪಾತ್ರಗಳ ಗೊಂಬೆ) ವಿಮರ್ಶೆ ಅಂತ ಬರುವ ವಿಡಿಯೋಗಳಲ್ಲಿ ಅರ್ಧ ಹೊತ್ತು ಡಬ್ಬದ ವರ್ಣನೆಯಲ್ಲೇ ಹೋಗುತ್ತದೆ. ಮೂಲೆ ಮಡಚಿಲ್ಲ, ಕಾರ್ಡ್ ಬಾಗಿಲ್ಲ, ಪ್ಲಾಸ್ಟಿಕ್ ಹಳದಿಯಾಗಿಲ್ಲ. ಆಮೇಲೆ ನೇರ ಬೆಲೆಗೆ ಬರುತ್ತಾರೆ. ಮೊಣಕೈ ಎಷ್ಟು ಮಡಚುತ್ತದೆ, ನಿಲ್ಲಿಸಿದರೆ ನಿಲ್ಲುತ್ತದಾ, ಕೈಗಿಟ್ಟ ಬಂದೂಕು ಬೀಳದೆ ಉಳಿಯುತ್ತದಾ? ಇದನ್ನು ಹೇಳುವವರೇ ಕಡಿಮೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಇವುಗಳ ಜೀವ ಇರುವುದೇ ಕೀಲುಗಳಲ್ಲಿ ಅಲ್ವಾ?

ಬೆಲೆ ನೋಡಿ ಗುಣ ಅಳೆಯಬಾರದು ಅನ್ನುವುದಕ್ಕೆ ಜಾವಾ ಗೊಂಬೆಯೇ ಸಾಕ್ಷಿ. ಅಮೆರಿಕದ ಕೆನ್ನರ್ ಕಂಪನಿ 1978ರಲ್ಲಿ ಹಾಲಿವುಡ್ ಸಿನಿಮಾ ಸ್ಟಾರ್ ವಾರ್ಸ್‌ನ ಮೊದಲ 12 ಗೊಂಬೆಗಳನ್ನು ಅಂಗಡಿಗೆ ತಂದಿತು. ಅದರಲ್ಲಿ ಜಾವಾ ಅಂದರೆ ಮರುಭೂಮಿಯಲ್ಲಿ ಗುಜರಿ ಆಯುವ ಗಿಡ್ಡ ಜೀವಿ. ಮೊದಮೊದಲು ಅದಕ್ಕೆ ತೆಳು ವಿನೈಲ್ ಮೇಲಂಗಿ ಹಾಕಿದ್ದರು. ನೋಡಲು ಅಗ್ಗ ಅನಿಸಿತು ಅಂತ ಬೇಗನೇ ಬಟ್ಟೆಯ ನಿಲುವಂಗಿಗೆ ಬದಲಿಸಿದರು. ಬಟ್ಟೆಯದ್ದೇ ಚೆಂದ, ಮುಸುಕು ಹೊದ್ದ ಕಳೆಯೂ ಅದರಲ್ಲೇ ಇದೆ. ಆದರೆ ಇವತ್ತು ಜನ ಮುಗಿಬೀಳುವುದು ವಿನೈಲ್‌ಗೆ, ಸಿಗುವುದು ಅಪರೂಪ ಅನ್ನುವ ಒಂದೇ ಕಾರಣಕ್ಕೆ. ಅದೇ ಸಾಲಿನ ಓಬಿ-ವಾನ್ ಗೊಂಬೆಯ ವಿನೈಲ್ ಮೇಲಂಗಿ ಕತ್ತರಿಸಿ ಜಾವಾಗೆ ತೊಡಿಸಿ ಮಾರುವವರೂ ಇದ್ದಾರೆ!

ನನ್ನ ಮಟ್ಟಿಗೆ ಕೀಲಿನ ಪಾಠ ಕಲಿಸಿದ್ದು ಜಿ.ಐ. ಜೋ ಅನ್ನುವ ಸೈನಿಕ ಗೊಂಬೆಗಳು. ಕೆನ್ನರ್ ಗೊಂಬೆಗಳು ಸಾಮಾನ್ಯವಾಗಿ ಕತ್ತು, ಭುಜ, ತೊಡೆಗಳಲ್ಲಷ್ಟೇ ತಿರುಗುತ್ತಿದ್ದವು. 1982ರಲ್ಲಿ ಜೋ ತಯಾರಿಸುವ ಹ್ಯಾಸ್ಬ್ರೋ ಕಂಪನಿ ಅದೇ ಮೂರೂಮುಕ್ಕಾಲು ಇಂಚಿನ ಅಳತೆಯಲ್ಲಿ ಮೊಣಕೈ, ಮಂಡಿ, ಸೊಂಟ ಎಲ್ಲವನ್ನೂ ಆಡುವಂತೆ ಮಾಡಿತು. ಅದೇ ವರ್ಷ ಮಾರ್ವೆಲ್‌ನಿಂದ ಜೋ ಕಾಮಿಕ್ಸ್ ಕೂಡ ಶುರುವಾಯಿತು. ಅದನ್ನು ಬರೆದ ಲ್ಯಾರಿ ಹಾಮಾ ಅವರೇ ಗೊಂಬೆಗಳ ಪ್ಯಾಕೆಟ್ ಹಿಂಬದಿಯ ಪರಿಚಯದ ಚೀಟಿಗಳನ್ನೂ ಬರೆದರು. 1983ರಲ್ಲಿ ತೋಳು ಸುತ್ತ ತಿರುಗುವ ಹಾಗೆ ಬದಲಿಸಿದರು. ಎರಡೂ ಕೈಯಲ್ಲಿ ಬಂದೂಕು ಸರಿಯಾಗಿ ಹಿಡಿಯಲು ಬಂದಿದ್ದು ಆಗ.

ಜೋ ಗೊಂಬೆಯ ಬೆನ್ನಿನ ಸ್ಕ್ರೂ ಬಿಚ್ಚಿ ನೋಡಿ. ಎದೆ ಎರಡು ಹೋಳಾಗಿ ತೆರೆಯುತ್ತದೆ. ಒಳಗೆ ಒಂದು ಸಣ್ಣ ಕಪ್ಪು ರಬ್ಬರ್ ಉಂಗುರ, ಅಂದರೆ ಓ-ರಿಂಗ್. ಅದರ ಒಂದು ತುದಿ ಎದೆಗೆ, ಇನ್ನೊಂದು ಕಾಲುಗಳ ನಡುವಿನ ಕೊಕ್ಕೆಗೆ. ಇಡೀ ಗೊಂಬೆ ಆ ರಬ್ಬರಿನ ಬಿಗಿಯಲ್ಲೇ ನಿಂತಿರುವುದು. ಡಬ್ಬದೊಳಗೆ ಸುಮ್ನೆ ಇಟ್ಟರೂ ವರ್ಷ ಕಳೆದಂತೆ ರಬ್ಬರ್ ಒಣಗಿ ತುಂಡಾಗುತ್ತದೆ, ಸೊಂಟ ಕಳಚುತ್ತದೆ. ಅಂದಮೇಲೆ ಮುಟ್ಟದೆ ಕಾಪಾಡಿದೆ ಅನ್ನುವ ಹೆಮ್ಮೆಗೆ ಅರ್ಥ ಏನು?

ನಮ್ಮ ಭಾರತದಲ್ಲಿ ಜೋ ಗೊಂಬೆಗಳು ಫನ್‌ಸ್ಕೂಲ್ ಹೆಸರಲ್ಲಿ ಬಂದವು. ಅಚ್ಚು ಹ್ಯಾಸ್ಬ್ರೋದ್ದು, ಬಣ್ಣ ಮಾತ್ರ ಎಷ್ಟೋ ಸಲ ಬೇರೆ. ಆ ಬೇರೆ ಬಣ್ಣಕ್ಕಾಗಿಯೇ ಹೊರದೇಶದ ಸಂಗ್ರಾಹಕರು ಇವುಗಳನ್ನು ಹುಡುಕುತ್ತಾರೆ. ನಾವು ಮಾತ್ರ ಅವನ್ನು ಹಳೇ ಸಾಮಾನಿನ ಜೊತೆ ಗುಜರಿಗೆ ಹಾಕಿದೆವು. ಇದು ನನಗೆ ನಿಜಕ್ಕೂ ನೋವು.

ನಿಮ್ಮ ಅಟ್ಟದ ಮೇಲೆ ಒಂದು ಜೋ ಇದ್ದರೆ ಇಳಿಸಿ. ಸೊಂಟ ಕಳಚಿದ್ದರೆ ಅಂಟು ಹಾಕಬೇಡಿ, ಸರಿಯಾದ ಅಳತೆಯ ಓ-ರಿಂಗ್ ತಂದು ಹಾಕಿ. ದಪ್ಪ ಹಿಡಿಯ ಬಂದೂಕನ್ನು ಕೈಗೆ ತುರುಕಬೇಡಿ, ಹೆಬ್ಬೆರಳು ಮುರಿಯುತ್ತದೆ. ಆಮೇಲೆ ಕಮೆಂಟಿನಲ್ಲಿ ಫೋಟೋ ಹಾಕಿ, ಮೊಣಕೈ ಮಡಚಿಯೇ ಹಾಕಿ.