ಮೊದಲು ಚಿತ್ರ, ಆಮ್ಯಾಲ ಸರ್ವರ್

ಯಾವ್ಯಾವ ಮಾಹಿತಿ ಇಡಬೇಕು, ಒಂದಕ್ಕೊಂದು ಏನು ಸಂಬಂಧ ಅನ್ನೋ ಚಿತ್ರ (ಮಾಡೆಲ್) ಮೊದಲು ಬರಕೊಂಡು, ಅದರಿಂದ ಸರ್ವರ್ ಕೋಡ್‌ನ ಟೂಲ್ ಕಡೆಯಿಂದ ತಾನಾಗಿ ಹುಟ್ಟಿಸೋದು (ಜನರೇಟ್ ಮಾಡೋದು) ಕಳ್ಳ ದಾರಿ ಅಂತ ನಮ್ಮ ಹುಬ್ಬಳ್ಳಿ-ಧಾರವಾಡದ ಸೀನಿಯರ್ ಪ್ರೋಗ್ರಾಮರ್‌ಗಳು ಮೂಗು ಮುರೀತಾರ. ನಾ ಒಪ್ಪೂದಿಲ್ರಿ.

ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗೆ ಒಂದು ಸಾಫ್ಟ್‌ವೇರ್ ಬೇಕು ಅಂತ ತಿಳ್ಕೋರಿ. ರೈತ, ಲಾಟ್, ಚೀಲ, ಟೆಂಡರ್, ಖರೀದಿದಾರ: ಐದು ಬಾಕ್ಸ್, ನಡುವ ಗೆರಿ. ಇದನ್ನ ಜೆಹಿಪ್‌ಸ್ಟರ್ ಅನ್ನೋ ಕೋಡ್ ಹುಟ್ಟಿಸೋ ಟೂಲಿಗೆ, ಮಾಡೆಲ್ ಬರಿಯಾಕ ಇರೋ ಅದರದೇ ಜೆಡಿಎಲ್ ಭಾಷೆದಾಗ ಫೈಲ್ ಮಾಡಿ ಕೊಟ್ರ ಜಾವಾದ ಸ್ಪ್ರಿಂಗ್ ಬೂಟ್ ಸರ್ವರ್ ಬರ್ತೈತಿ. ಒಂದೊಂದು ಬಾಕ್ಸಿಗೆ ಒಂದು ಕ್ಲಾಸ್ (ಎಂಟಿಟಿ), ಡೇಟಾಬೇಸಿನಾಗ ಇಟ್ಟು ತಗಿಯೋ ಕೋಡ್ (ರಿಪಾಸಿಟರಿ), ಹೊರಗಿನ ಆ್ಯಪ್‌ಗಳು ಡೇಟಾ ಕೇಳೋ ದಾರಿ (ರೆಸ್ಟ್ ಎಪಿಐ), ಡೇಟಾಬೇಸ್ ಟೇಬಲ್ ಕಟ್ಟಾಕ ಲಿಕ್ವಿಬೇಸ್ ಫೈಲ್, ಲಾಗಿನ್ ಎಲ್ಲಾ ತಯಾರ. ಇದನ್ನ ಕೈಲೆ ಟೈಪ್ ಮಾಡೋದ ವಿದ್ಯಾ ಅಂತ ಯಾರು ಹೇಳ್ಯಾರೋ ಏನೋ.

ವಿದ್ಯಾ ಬೇಕಾಗೋದು ಮುಂದ. ಬಂದ ದರ ರೈತಗ ಒಪ್ಪಿಗಿ ಆಗಲಿಲ್ಲ ಅಂದ್ರ ಮಾಲು ಕೋಲ್ಡ್ ಸ್ಟೋರೇಜಿಗೆ ಹೋಗ್ತೈತಿ. ಆಗ ಆ ಟೆಂಡರ್ ಏನಾತು? ಅದೇ ಚೀಲ ಮುಂದ ಮತ್ತ ಮಾರಾಟಕ್ಕ ಬಂದ್ರ ಹೊಸ ಲಾಟೋ, ಹಳೇದೋ? ಇಂಥಾದ್ದು ಗೆರಿ ಎಳದ ಮಾತ್ರಕ್ಕ ಹೊಂಡೂದಿಲ್ಲ. ಗುಮಾಸ್ತರ ಮುಂದ ಕುಂತು ಕೇಳಬೇಕು, ನಿಯಮ ಕೈಲೆ ಬರೀಬೇಕು.

ಎಡವಟ್ಟು ಆಗೋದು ಇಲ್ಲೇ. ಹುಡುಗರು ಆ ನಿಯಮ ಒಯ್ದು ಜನರೇಟ್ ಆದ ಫೈಲಿನಾಗ ತುರುಕ್ತಾರ. ಮತ್ತ ಜನರೇಟ್ ಮಾಡಿದ್ರ ಅದರ ಮ್ಯಾಲ ಹೊಸಾ ಕೋಡ್ ಕುಂಡ್ರತೈತಿ ಅಂತ ಅಂಜಿ, ಜನರೇಟ್ ಮಾಡೋದ ಬಿಡ್ತಾರ. ಚಿತ್ರದಾಗ ಒಂದು, ಕೋಡಿನಾಗ ಇನ್ನೊಂದು. ನಮ್ಮ ನಿಯಮಕ್ಕ ಬ್ಯಾರೆ ಕ್ಲಾಸ್ ಇಟ್ಟು, ಮಾಡೆಲ್ ಫೈಲ್ ಸುದ್ದಾ ಕೋಡಿನ ಜೋಡಿ ಗಿಟ್‌ನಾಗ (ಕೋಡಿನ ಹಳೇ-ಹೊಸ ಬದಲಾವಣಿ ಎಲ್ಲಾ ಕಾಯ್ದಿಡೋ ಟೂಲ್) ಇಟ್ರ ಈ ಅಂಜಿಕಿ ಇರೂದಿಲ್ಲ. ಕಾಲಂ ಹೆಸರು ಬದಲಿಸೋ ಮುಂದ ಮಾತ್ರ ಹುಷಾರ್ ಇರ್ರಿ. ಹಳೇ ಡೇಟಾ ಎಲ್ಲಿ ಹೋಗಬೇಕು ಅನ್ನೋದು ಜನರೇಟರ್‌ಗೆ ತಾನಾಗಿ ತಿಳಿಯೂದಿಲ್ಲ.

ಇದೇನ್ ಹೊಸಾ ಮಾತಲ್ಲ. ಸಾಫ್ಟ್‌ವೇರಿನ ಚಿತ್ರ ಬರಿಯೋ ಯುಎಂಎಲ್ ಭಾಷೆಗೆ ಓಎಂಜಿ ಅನ್ನೋ ಮಾನದಂಡ ಸಂಸ್ಥೆಯ ಒಪ್ಪಿಗಿ ಸಿಕ್ಕಿದ್ದು 1997ರಾಗ. ಮೊದಲು ವ್ಯವಹಾರದ ಮಾಡೆಲ್, ಅದರಿಂದ ಆಯಾ ತಂತ್ರಜ್ಞಾನದ ಮಾಡೆಲ್, ಕಡೀಕ ಕೋಡ್ ಅನ್ನೋ ಎಂಡಿಎ (ಮಾಡೆಲ್ ಡ್ರಿವನ್ ಆರ್ಕಿಟೆಕ್ಚರ್) ವಿಚಾರ 2001ರಾಗ ಬಂತು. ನಮ್ಮ ಕಾಲೇಜಿನಾಗ ಇವತ್ತಿಗೂ ಕ್ಲಾಸ್ ಡಯಾಗ್ರಾಮ್ ಹುಟ್ಟೋದು ಕೋಡ್ ಮುಗದ ಮ್ಯಾಲ, ರಿಪೋರ್ಟ್ ಬೈಂಡಿಂಗ್‌ಗೆ ಹೋಗೋ ಹಿಂದಿನ ರಾತ್ರಿ!

ವೈವಾಕ್ಕ ಬರೋ ಸರ್‌ಗಳಿಗೆ, ಮೇಡಂಗಳಿಗೆ ಒಂದು ವಿನಂತಿ. ಡಯಾಗ್ರಾಮಿನ ಬಾಣ ಸರಿ ಐತೋ ಇಲ್ಲೋ ನೋಡೋದು ಬಿಟ್ಟು, "ತಮ್ಮಾ, ಲಾಟಿಗೆ ತೇವಾಂಶದ್ದೊಂದು ಫೀಲ್ಡ್ ಸೇರಿಸಿ ಮತ್ತ ಜನರೇಟ್ ಮಾಡು, ನಿನ್ನ ಟೆಂಡರ್ ನಿಯಮ ಹಂಗ ಉಳೀತೇನು ತೋರಿಸು" ಅಂತ ಕೇಳ್ರಿ. ಮಾರ್ಕ್ಸ್ ಅದಕ್ಕ ಕೊಡ್ರಿ.